ವೀರೇಶನ ಸೋಫಾ, ಚಿನ್ನಿಯ ಉಗುರು

"ಅಕ್ಕಾರ, ಬೆಕ್ಕಿನ ಉಗುರು ಯಾರು ತೆಗೀತಾರ್ರಿ?"

ಬೆಳಗಿನ ಕಾಫಿ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ವೀರೇಶನ ಫೋನ್ ಬಂತು. ನಮ್ಮ ಪಕ್ಕದ ಮನೆಯಲ್ಲಿ ಬಹಳ ಕಾಲ ಇದ್ದವನು. ಆಗ ಕಂಪ್ಲಿಯಿಂದ ಅಕ್ಕಿ ಮೂಟೆ ತರುವ ಒಂದು ಲಾರಿ ಇತ್ತು, ತಾನೇ ಓಡಿಸುತ್ತಿದ್ದ. ಈಗ ಸಂಡೂರಿನಿಂದ ಅದಿರು ಹೊರುವ ಟಿಪ್ಪರ್‌ಗಳ ಮಾಲೀಕ. ಹೊಸಪೇಟೆಯಲ್ಲಿ ಈಗ ಇಂಥ ಪ್ರಮೋಷನ್ ಎಲ್ಲರಿಗೂ ಸಿಗುತ್ತಿದೆ (ನಮ್ಮ ಮನೆಯವರೊಬ್ಬರನ್ನು ಬಿಟ್ಟು).

ಅದಕ್ಕೇನು, ನೇಲ್ ಕಟರ್ ಸಾಕಲ್ಲ ಎಂದೆ. ಅದಲ್ಲವಂತೆ. ಮತ್ತೆ ಹುಟ್ಟದ ಹಾಗೆ ಬೇರುಸಮೇತ ತೆಗೆಸಬೇಕಂತೆ. ಫಾರಿನ್‌ನಲ್ಲಿ ಹಾಗೆ ಮಾಡಿಸುತ್ತಾರೆ ಎಂದು ಯಾರೋ ಟೂರಿಸ್ಟ್ ಹೇಳಿದ್ದನ್ನು ಹಂಪಿ ಬಜಾರಿನಲ್ಲಿ ಅಂಗಡಿ ಇಟ್ಟಿರುವ ಇವನ ದೋಸ್ತ್ ಕೇಳಿಸಿಕೊಂಡಿದ್ದ. ಅಷ್ಟು ಸಾಕಾಯಿತು.

ಕಾರಣ? ಸೋಫಾ. ಬೆಂಗಳೂರಿನಿಂದ ತರಿಸಿದ ಬಿಳಿ ಲೆದರ್ ಸೋಫಾ. ಕೆಂಪು ಧೂಳಿನ ಊರಿನಲ್ಲಿ ಬಿಳಿ ಸೋಫಾ ಯಾಕಪ್ಪ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇಲ್ಲ. ಬಂದವರು ಬಟ್ಟೆ ಝಾಡಿಸಿಕೊಂಡು ಅದರ ತುದಿಯಲ್ಲಿ ಕೂರುತ್ತೇವೆ. ಚಿನ್ನಿ ಮಾತ್ರ ಎರಡೂ ಪಂಜ ಊರಿ ಪರಪರ ಕೆರೆಯುತ್ತದೆ.

ಚಿನ್ನಿ ಅವನ ಮಗಳು ಪಲ್ಲವಿಯ ಬೆಕ್ಕು. ಇದಕ್ಕಿಂತ ಮುಂಚಿನ ಬೆಕ್ಕು ಮನೆ ಮುಂದೆಯೇ ಲಾರಿಗೆ ಸಿಕ್ಕಿ ಸತ್ತಿತ್ತು. ಹಾಗಾಗಿ ಚಿನ್ನಿಯನ್ನು ಆ ಹುಡುಗಿ ಹೊಸ್ತಿಲು ದಾಟಲು ಬಿಡುವುದಿಲ್ಲ. ಒಳಗೆ ನೋಡಿದರೆ ಬರೀ ಗ್ರಾನೈಟ್. ಪಾಪ, ಅದು ಎಲ್ಲಿ ಕೆರೆಯಬೇಕು?

ದುಡ್ಡು ಬಂದ ಮನೆಗಳಲ್ಲಿ ಇದನ್ನು ಗಮನಿಸಿದ್ದೇನೆ. ಮೊದಲು ಸಾಮಾನು ಬರುತ್ತದೆ. ಆಮೇಲೆ ಮನೆಯಲ್ಲಿರುವ ಜೀವಗಳೆಲ್ಲ ಅದಕ್ಕೆ ಅಡ್ಜಸ್ಟ್ ಆಗಬೇಕು. ಹೊಸ ಕಾರಿನ ಮೇಲೆ ಎಲೆ ಉದುರುತ್ತದೆಂದು ವೀರೇಶನ ಅಂಗಳದ ಬೇವಿನ ಮರ ಆಗಲೇ ಹೋಗಿತ್ತು. ಈಗ ಬೆಕ್ಕಿನ ಸರದಿ.

ದನದ ದವಾಖಾನೆಯ ಡಾಕ್ಟರು ನನಗೆ ಪರಿಚಯ. ಅಪ್ಪ, ಮಗಳು, ಬುಟ್ಟಿಯಲ್ಲಿ ಚಿನ್ನಿ, ಜೊತೆಗೆ ನಾನು ಹೋದೆವು.

ಡಾಕ್ಟರು ಆಗುವುದಿಲ್ಲ ಎಂದುಬಿಟ್ಟರು. ಬೆಕ್ಕಿನ ಉಗುರು ಬೆರಳಿನ ಕೊನೆಯ ಎಲುಬಿನಿಂದಲೇ ಬೆಳೆಯುತ್ತದೆ, ಮತ್ತೆ ಹುಟ್ಟಬಾರದೆಂದರೆ ಆ ಎಲುಬನ್ನೇ ತೆಗೆಯಬೇಕು, ಆಮೇಲೆ ಕಾಲೂರಿದರೂ ನೋವು ಎಂದರು. ವೀರೇಶನಿಗೆ ನಾಟಲಿಲ್ಲ. ಆಗುವುದಿಲ್ಲವೆಂದರೆ ಬೆಕ್ಕನ್ನೇ ಹಂಪಿ ದಾರಿಯ ಕಡ್ಡಿರಾಂಪುರದ ಹೋಟೆಲುಗಳ ಹತ್ತಿರ ಬಿಟ್ಟು ಬರುತ್ತೇನೆ ಎಂದ. ಪಲ್ಲವಿಯ ಕಣ್ಣು ತುಂಬಿತು. ನನಗೆ ಸಿಟ್ಟೇ ಬಂತು.

ಚಿನ್ನಿಯನ್ನು ಮತ್ತೆ ಬುಟ್ಟಿಗೆ ಹಾಕಲು ಅವನು ಬಗ್ಗಿದ. ಅಂಗಿಯೊಳಗಿದ್ದ ಚಿನ್ನದ ಸರ ಹೊರಗೆ ಜಾರಿತು. ಅದರಲ್ಲಿ ಹುಲಿಯುಗುರಿನ ಲಾಕೆಟ್. (ಈಗ ನಮ್ಮೂರಿನಲ್ಲಿ ಇದೊಂದು ಫ್ಯಾಷನ್. ಅರಣ್ಯ ಇಲಾಖೆಯವರು ನೋಡಿದರೆ ಬೇರೆಯೇ ಕಥೆ.) ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು ಒರಿಜಿನಲ್ಲಾ ಎಂದು ಕೇಳಿದರು. ವೀರೇಶನ ಮುಖ ಅರಳಿತು. ಡೂಪ್ಲಿಕೇಟ್ ಹಾಕುವ ಪೈಕಿ ತಾನಲ್ಲ, ಹುಡುಕಿ ಹುಡುಕಿ ತರಿಸಿದ್ದು ಎಂದ.

"ಹಂಗಾರ ಇಲ್ಲಿ ನೋಡ್ರಿ," ಎಂದರು ಡಾಕ್ಟರು. "ಉಗುರಿನ ಬುಡಕ್ಕ ಬಂಗಾರದ ಟೊಪ್ಪಿಗಿ ಹಾಕ್ಯಾರಲ್ಲ, ಅಲ್ಲಿ ಹುಲಿಯ ಬೆರಳಿತ್ತು. ಹುಲಿ, ಬೆಕ್ಕು ಎರಡೂ ಒಂದ ಜಾತಿ. ನೀವು ಕೇಳಾಕತ್ತಿದ್ದೂ ಇದನ್ನ."

ಪಲ್ಲವಿ ಚಿನ್ನಿಯನ್ನು ತಾನೇ ಎತ್ತಿ ಎದೆಗೆ ಒತ್ತಿಕೊಂಡು ಅಪ್ಪನ ಕೊರಳನ್ನೇ ನೋಡುತ್ತಿದ್ದಳು. "ಅಪ್ಪಾ, ಬೆರಳು ಕಡಿಯೋವಾಗ ಹುಲಿ ಜೀವಂತ ಇತ್ತೇನು?"

ವೀರೇಶ ಲಾಕೆಟನ್ನು ಅಂಗಿಯೊಳಗೆ ಹಾಕಿಕೊಂಡ.

ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ತಲೆತಗ್ಗಿಸಿ ಕೇಳಿದ. ಬೆಕ್ಕು ಕೆರೆಯುವುದು ಹಟಕ್ಕಲ್ಲ, ಉಗುರಿನ ಹಳೆಯ ಪೊರೆ ಕಳಚಲು, ಮೈ ಮುರಿಯಲು. ಉಗುರಿನೊಳಗೆ ಗುಲಾಬಿ ಬಣ್ಣದ ಜೀವದ ಭಾಗ ಕಾಣುತ್ತದೆ, ಅದನ್ನು ಮುಟ್ಟದೆ ಚೂಪಾದ ತುದಿಯನ್ನಷ್ಟೇ ಆಗಾಗ ಕತ್ತರಿಸಿದರಾಯಿತು. ಒಂದು ಗಟ್ಟಿ ಕಟ್ಟಿಗೆಗೆ ಹಗ್ಗ ಸುತ್ತಿ ಸೋಫಾ ಪಕ್ಕದಲ್ಲೇ ಅಲುಗಾಡದಂತೆ ನಿಲ್ಲಿಸಬೇಕು. ಅಲ್ಲಿ ಕೆರೆದಾಗ ಮೈದಡವಬೇಕು, ಸೋಫಾ ಕೆರೆದರೆ ಹೊಡೆಯಬಾರದು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಸೋಫಾದ ಕೈಗೆ ಹಳೆಯ ಕೌದಿ ಹೊದಿಸಿದ್ದಾರೆ. ಪಕ್ಕದಲ್ಲಿ ಚಿನ್ನಿಯ ಕಂಬ. ಸುತ್ತಿರುವುದು ಟಿಪ್ಪರಿನ ಟಾರ್ಪಾಲ್ ಕಟ್ಟುವ ಹಗ್ಗ. (ಅದಿರಿನ ಮೇಲೆ ಟಾರ್ಪಾಲ್ ಕಟ್ಟಿದ್ದು ನಾನಂತೂ ಕಂಡಿಲ್ಲ. ಅಂತೂ ಹಗ್ಗ ಉಪಯೋಗಕ್ಕೆ ಬಂತು.) ಚಿನ್ನಿ ಆಗೊಮ್ಮೆ ಈಗೊಮ್ಮೆ ಕೌದಿಗೂ ಕೈ ಹಾಕುತ್ತದಂತೆ. ಇರಲಿ ಬಿಡಿ.

ವೀರೇಶನ ಕೊರಳು ಖಾಲಿ ಇತ್ತು. ಸರ ಎಲ್ಲಿ ಮಾರಾಯ ಎಂದು ಕಾಲೆಳೆದೆ. ಪಲ್ಲವಿ ಒಳಗಿದ್ದಾಳೆಯೇ ಎಂದು ನೋಡಿ ದನಿ ತಗ್ಗಿಸಿದ.

"ಬಂಗಾರದ ಅಂಗಡ್ಯಾಗ ಚೆಕ್ ಮಾಡಾಕ ಕೊಟ್ಟೀನ್ರಿ ಅಕ್ಕಾರ. ಹುಲಿ ಜೀವಂತ ಇತ್ತೇನಂತ ಮಗಳು ದಿನಾ ಕೇಳ್ತಾಳ. ಅಂಗಡಿಯವ್ರು ಡೂಪ್ಲಿಕೇಟ್ ಅಂತ ಹೇಳಿಬಿಟ್ರ ಸಾಕ್ರಿ."

ಒರಿಜಿನಲ್ಲೇ ಬೇಕೆಂದು ಹುಡುಕಿ ತರಿಸಿದವನು, ತಾನು ಮೋಸ ಹೋಗಿರಲಿ ಎಂದು ಈಗ ದೇವರಲ್ಲಿ ಬೇಡಿಕೊಳ್ಳುತ್ತಿದ್ದಾನೆ.

ದೇವರು ನಡೆಸಿಕೊಡದಿದ್ದರೆ, ಮಗಳಿಗೆ ಏನು ಹೇಳುತ್ತಾನೆ?