ಸಿದ್ದಾರೂಢನ ಟ ಒತ್ತು

ಸಿದ್ದಾರೂಢ ಹಗಲಲ್ಲಿ ಬಿಟಿಎಂ ಲೇಔಟಿನ ಕೊರಿಯರ್ ಆಫೀಸಿನಲ್ಲಿ ಕವರುಗಳನ್ನು ವಿಂಗಡಿಸುತ್ತಿದ್ದ. ಸಂಜೆ ಜಯನಗರದಲ್ಲಿ ವಸಿಷ್ಠನ ಮನೆಯ ಕಾರ್ ಷೆಡ್ಡಿನಲ್ಲಿ ಹಾಡುತ್ತಿದ್ದ. ವಸಿಷ್ಠನದು ಗಿಟಾರು, ಸೀನುವಿನದು ಡ್ರಮ್ಸು. ಗದಗದ ಕಡೆಯಿಂದ ಬಂದ ಇವನದು ದನಿ ಮತ್ತು ಮಾತು. ಆಗಿನ್ನೂ ಕ್ಯಾಸೆಟ್ಟುಗಳ ಕಾಲ; ರಾಕ್ ಅಂದರೆ ಇಂಗ್ಲಿಷು ಎಂದೇ ಊರು ನಂಬಿತ್ತು.

ಅವರಲ್ಲಿದ್ದ ಒಳ್ಳೆಯ ಹಾಡು ಒಂದೇ. ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದ ಅಕ್ಕ ರೇಣುಕವ್ವ ತಿಲಕ್ ನಗರದಿಂದ ತರಕಾರಿ ತಂದು ಗೊಣಗುತ್ತಿದ್ದುದೇ ಹಾಡಾಗಿತ್ತು: ಬದನಿಕಾಯಿ ತುಟ್ಟಿ, ಬಾಡಿಗಿ ತುಟ್ಟಿ, ಈ ಊರಾಗ ನಗೂದೂ ತುಟ್ಟಿ. ಅವರ ಸೀಮೆಯಲ್ಲಿ ತುಟ್ಟಿ ಎಂದರೆ ದುಬಾರಿ. ಆ ಟ ಒತ್ತಿಗೆ ಸರಿಯಾಗಿ ಸೀನುವಿನ ಏಟು ಬೀಳುತ್ತಿತ್ತು, ಕಾಲೇಜು ಹುಡುಗರು ಆ ಏಟಿಗೇ ಕುಣಿಯುತ್ತಿದ್ದರು.

ಕುಣಿತ ಕಂಡ ಕ್ಯಾಸೆಟ್ ಕಂಪನಿಯೊಂದು ಬ್ಯಾಂಡಿನಿಂದ ಸಹಿ ಹಾಕಿಸಿಕೊಂಡಿತು. ಜೆ.ಪಿ. ನಗರದ ಸ್ಟುಡಿಯೋದಲ್ಲಿ ರೆಕಾರ್ಡಿಂಗು. ಗಾಜಿನಾಚೆ ಕೂತಿದ್ದ ಕಂಪನಿಯ ಹಂಸಾ ಮೇಡಂಗೆ ಡ್ರಮ್ಸಿನ ಗದ್ದಲದಲ್ಲಿ ಕೇಳಿಸಿದ್ದು ಪಲ್ಲವಿಯ ಕೊನೆ ಮಾತ್ರ.

"ನಗೋ ತುಟಿ, ಐಡಿಯಾ ಚೆನ್ನಾಗಿದೆ. ಉಚ್ಚಾರಣೆ ನೋಡ್ಕೊಳ್ಳಿ ಅಷ್ಟೆ. ಒತ್ತು ಕೊಡಬಾರದು."

ಸಿದ್ದಾರೂಢ ಅರ್ಥ ಹೇಳಿದ. ಮೇಡಂ ನಕ್ಕು, ಅದೆಲ್ಲ ಇಲ್ಲಿ ಯಾರಿಗೆ ಗೊತ್ತು ಎಂದರು. ಬದನೆಕಾಯಿ ತೆಗೆಸಿ ಕೆನ್ನೆ ಹಾಕಿಸಿದರು. ತುಟ್ಟಿಭತ್ಯೆ ಏರಿತೇ ಎಂದು ಬೆಳಿಗ್ಗೆಯೇ ಪೇಪರ್ ಬಿಡಿಸುವ ನಿವೃತ್ತರ ಊರಿನಲ್ಲಿ ಈ ಮಾತು!

ತಿಳಿಯದೆ ತಿದ್ದಿದವರನ್ನು ಬಿಡಿ. ವಸಿಷ್ಠನಿಗೆ ಆ ಪದ ಗೊತ್ತಿತ್ತು. ರೇಣುಕವ್ವನ ರೊಟ್ಟಿ ತಿನ್ನುತ್ತ ಅವಳ ಬಾಯಲ್ಲೇ ಕೇಳಿದ್ದ. ಸಿದ್ದಾರೂಢ ತನ್ನತ್ತ ನೋಡಿದಾಗ ಅವನು ಗಿಟಾರಿನ ಬಿರಡೆ ತಿರುಗಿಸುತ್ತ ಕೂತ.

"ಅಡ್ಜಸ್ಟ್ ಮಾಡ್ಕೋ ಮಗಾ," ಅಂದ ಕೊನೆಗೆ. "ಫಸ್ಟ್ ಕ್ಯಾಸೆಟ್ಟು. ಆಮೇಲೆ ನಮಗೆ ಬೇಕಾದಂಗೆ ಮಾಡೋಣ."

ಗೊತ್ತಿದ್ದವರು ಬಾಯಿ ಮುಚ್ಚಿಕೊಂಡೇ ಈ ಊರಿನಲ್ಲಿ ಗದಗದ ಕನ್ನಡ ತಪ್ಪು ಕನ್ನಡವಾಗಿದ್ದು.

ಸಿದ್ದಾರೂಢ ಹಾಡಿದ. ನಾಲಿಗೆ ಮತ್ತೆ ಮತ್ತೆ ಒತ್ತಿನ ಮೇಲೇ ಬೀಳುತ್ತಿತ್ತು; ಸಂಜೆಯ ಹೊತ್ತಿಗೆ ದಣಿದು ತಾನಾಗಿ ಮೆತ್ತಗಾಯಿತು. ಏಟಿಗೆ ಜಾಗವಿಲ್ಲದೆ ಸೀನು ಸುಮ್ಮನೆ ತಟ್ಟುತ್ತ ಹೋದ.

ಕ್ಯಾಸೆಟ್ಟು ಬಂದ ದಿನ ರೇಣುಕವ್ವ ಒಲೆ ಆರಿಸಿ ಪೂರ್ತಿ ಕೇಳಿದಳು.

"ಯಾರ ತುಟಿಗೆ ಇಷ್ಟ್ ತ್ರಾಸ್ ಪಟ್ಟು ಹಾಡೀಯೋ ತಮ್ಮಾ? ನನ್ನ ಮಾತ್ ಎಲ್ಲೈತಿ ಇದ್ರಾಗ?"

ಎರಡನೆಯ ಹಾಡಿಗೆ ಕರೆ ಬಂದಾಗ ಸಿದ್ದಾರೂಢ ಮೈಕಿನ ಮುಂದೆ ನಿಂತು, "ಹೆಂಗ ಬರದೀನೋ ಹಂಗ ಹಾಡ್ತೀನ್ರೀ, ಇಲ್ಲಾಂದ್ರ ಬ್ಯಾಡ," ಎಂದ.

ಮೇಡಂಗೆ ಬೇಸರವೇನೂ ಆಗಲಿಲ್ಲ. ಹಾಡಲು ವಸಿಷ್ಠನನ್ನು ಕರೆದು, ಮೈಕನ್ನು ಅವನ ಎತ್ತರಕ್ಕೆ ಏರಿಸಲು ಹೇಳಿದರು. ವಸಿಷ್ಠ ಗಿಟಾರು ಕೆಳಗಿಟ್ಟು ಮೈಕಿನ ಮುಂದೆ ಬಂದ. ಸಿದ್ದಾರೂಢ ಹೊರಗಿನ ಬೆಂಚಿನ ಮೇಲೆ ಕೂತು, ಹಾಡು ಮುಗಿಯುವವರೆಗೂ ಕೇಳಿ, ಬಸ್ಸು ಹಿಡಿದ.