ವಾಣಕ್ಕೆ ಕೊಟ್ಟ ಪುಸ್ತಕ

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಹೆಂಗಸರಿಗೆ ಸಂಜೆಯ ಹೊತ್ತು ಪುರುಸೊತ್ತೇ ಇರುತ್ತಿರಲಿಲ್ಲ. ಇವತ್ತು ಇವರ ಮನೆಯಲ್ಲಿ ಹಳದಿ-ಕುಂಕು, ನಾಳೆ ಅವರ ಮನೆಯಲ್ಲಿ. ನಮ್ಮ ಮೈಸೂರು ಕಡೆಯ ಎಳ್ಳು ಬೀರುವುದೂ ಮರಾಠಿಯವರ ಈ ಪದ್ಧತಿಯೂ ಅಲ್ಲಿ ಒಂದರೊಳಗೊಂದು ಬೆರೆತುಹೋಗಿದ್ದವು. ಅರಿಶಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಕೊನೆಗೆ 'ವಾಣ' ಎಂದು ಮನೆಗೆ ಉಪಯೋಗಕ್ಕೆ ಬರುವ ಒಂದು ವಸ್ತುವನ್ನು ಬಂದವಳ ಸೆರಗಿಗೋ ಕೈಗೋ ಇಡುವುದು. ಸೋಪಿನ ಡಬ್ಬಿ, ಸ್ಟೀಲ್ ಬಟ್ಟಲು, ಚಹಾ ಸೋಸುವ ಜಾಲರಿ. ಕೆಲವೇ ವರ್ಷಗಳಲ್ಲಿ ನನ್ನ ಅಡುಗೆಮನೆಯ ಮೊಳೆಗಳ ತುಂಬ ಜಾಲರಿಗಳು ತೂಗಾಡುತ್ತಿದ್ದವು. ಅಷ್ಟು ಚಹಾ ಕುಡಿಯುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ಸಂಕ್ರಾಂತಿಗೆ ನಾನು ವಾಣಕ್ಕೆ ಪುಸ್ತಕ ಕೊಟ್ಟೆ.

ಆ ಪುಸ್ತಕಗಳನ್ನು ತಂದವನು ನನ್ನ ತಮ್ಮ. ಬೆಂಗಳೂರಿನಲ್ಲಿ ಅವನೂ ಅವನ ಗೆಳೆಯರೂ ಸೇರಿ ತೆಳ್ಳಗಿನ ಪುಸ್ತಕಗಳನ್ನು ಅಚ್ಚು ಹಾಕಿಸುತ್ತಿದ್ದರು. ಅಗ್ಗದ ಕಾಗದ, ಬೆರಳಿಗೆ ಅಂಟುವ ಮಸಿ, ನಡುವೆ ಹೊಡೆದ ಪಿನ್ನು ಮುಂಬಯಿಯ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತಿತ್ತು. ಒಂದರಲ್ಲಿ ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬ ಕಥೆ. ಇನ್ನೊಂದರಲ್ಲಿ ಕೆರೆ ತೋಡಿದವರ, ಕಲ್ಲು ಹೊತ್ತವರ ಇತಿಹಾಸ. ಮತ್ತೊಂದು, ಮನೆಗೆಲಸವೂ ಕೆಲಸವೇ ಎಂದು ವಾದಿಸುವಂಥದ್ದು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಇತಿಹಾಸದ ಪಾಠದಲ್ಲಿ ವೈಸರಾಯ್‌ಗಳು ಒಬ್ಬರ ಹಿಂದೊಬ್ಬರು ಬಂದು ಹೋಗುತ್ತಿದ್ದರು. ಅವರಿಗೆ ಅನ್ನ ಬೇಯಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ, ನನಗೂ ಕೇಳಬೇಕು ಅನಿಸಲಿಲ್ಲ. ಶಾಲೆಯ ಆವರಣದಲ್ಲಿ ಕನ್ನಡ ಆಡಿದರೆ ದಂಡ ಇದ್ದದ್ದರಿಂದ ಕನ್ನಡದ ಗಟ್ಟಿ ಓದು ನನಗೆ ಒಲಿದದ್ದೇ ಮದುವೆಯಾಗಿ ಮುಂಬಯಿಗೆ ಬಂದ ಮೇಲೆ, ಆ ತೆಳ್ಳಗಿನ ಪುಸ್ತಕಗಳಿಂದ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒತ್ತಕ್ಷರ ಬಂದಲ್ಲಿ ತಡೆದು, ಮಧ್ಯಾಹ್ನಗಳಲ್ಲಿ ಓದಿದೆ. ಓದಿದಷ್ಟೂ ಸಿಟ್ಟು ಬರುತ್ತಿತ್ತು. ಹಿತವಾದ ಸಿಟ್ಟು. ಒಬ್ಬಳೇ ಇಟ್ಟುಕೊಳ್ಳುವುದಕ್ಕೆ ಅದು ಬಹಳ ಹೆಚ್ಚಾಯಿತು.

"ವಾಣಕ್ಕೆ ಬುಕ್ಸಾ?" ಎಂದರು ನನ್ನ ಗಂಡ. "ತಮಾಷೆ ಮಾಡ್ತಿದೀಯಾ?"

"ಮನೆಗೆ ಉಪಯೋಗಕ್ಕೆ ಬರೋದನ್ನ ತಾನೆ ಕೊಡಬೇಕಾದ್ದು? ಬರುತ್ತೆ ಬಿಡಿ."

ಕನ್ನಡ ಓದಬಲ್ಲವರಿಗೆ ಪುಸ್ತಕ, ಉಳಿದವರಿಗೆ ಬಟ್ಟಲು ಎಂದು ಇಟ್ಟುಕೊಂಡಿದ್ದೆ. ಕೆಳಗಿನ ಮನೆಯ ಮರಾಠಿ ಅಜ್ಜಿ, ನಮಗೆ ಯಾಕಿಲ್ಲ ಪುಸ್ತಕ ಎಂದು ಜಗಳಕ್ಕೇ ನಿಂತರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಧಾರವಾಡದ ಗೆಳತಿ ತನ್ನ ಪಾಲಿಗೆ ಬಂದ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, "ಇದರಾಗ ಹೋಳಿಗಿ ಮಾಡೂದು ಹೇಳಿಲ್ಲೇನ್ರಿ ಅಕ್ಕಾರ? ಮತ್ತ ಉಪಯೋಗ ಏನ್ರಿ?" ಎಂದು ಎಲ್ಲರನ್ನೂ ನಗಿಸಿದಳು. ಎದುರು ಮನೆಯವಳು ಮಾತ್ರ ನಗಲಿಲ್ಲ. ಪುಸ್ತಕವನ್ನು ಎಳ್ಳುಂಡೆಯ ಎಣ್ಣೆ ತಾಗದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಈ ಎದುರು ಮನೆಯವಳು ಉಡುಪಿ ಕಡೆಯವಳು, ನನಗಿಂತ ಚಿಕ್ಕವಳು. ಏಳನೆಯ ತರಗತಿಗೆ ಶಾಲೆ ಬಿಡಿಸಿದ್ದರಂತೆ. ಅವಳ ಗಂಡನದು ಗ್ರಾಂಟ್ ರೋಡಿನಲ್ಲಿ ಹೋಟೆಲು. ಬೆಳಗಿನ ವ್ಯಾಪಾರವನ್ನು ಅವರ ಅಣ್ಣ ನೋಡಿಕೊಳ್ಳುತ್ತಿದ್ದರು. ಇವರು ಮನೆಯಲ್ಲಿ ತಿಂಡಿ ತಿಂದು ಲೋಕಲ್ ಹಿಡಿದರೆ ಮತ್ತೆ ಬರುವುದು ರಾತ್ರಿಯ ಊಟಕ್ಕೆ. ಹೋಟೆಲಿನ ತಿಂಡಿಯನ್ನು ತಾವು ಬಾಯಿಗಿಡುವುದಿಲ್ಲ ಎನ್ನುವುದು ಅವರ ಹೆಮ್ಮೆ. ಆ ಹೆಮ್ಮೆಗೆ ಬೇಕಾದ ದೋಸೆ, ಗಸಿ, ತಂಬುಳಿಗಳನ್ನು ವರ್ಷವಿಡೀ ಮಾಡುತ್ತಿದ್ದವಳು ಅವಳು.

ಅವಳಿಗೆ ಸಿಕ್ಕಿದ್ದು ಮನೆಗೆಲಸದ ಪುಸ್ತಕ. ನಾನು ಆರಿಸಿ ಕೊಟ್ಟದ್ದಲ್ಲ, ಸರದಿಯಲ್ಲಿ ಬಂದದ್ದು. ಕೆಲವು ದಿನಗಳಾದ ಮೇಲೆ ನೀರು ಹಿಡಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳಿದಳು.

"ಅಕ್ಕ, ಇದು ಬರೆದವರು ನಮ್ಮ ಮನೆಗೆ ಬಂದು ನೋಡಿ ಹೋದದ್ದಾ?"

"ಯಾಕೆ?"

"ಎಲ್ಲ ನಂದೇ ಉಂಟು. ಎಲ್ಲರದ್ದೂ ಆದ ಮೇಲೆ ಕಡೆಗೆ ಕರಟಿದ ದೋಸೆ ನಾನು ತಿನ್ನುವುದು ಸಮೇತ."

ಆ ವಾರ ಅವಳು ಗಂಡನನ್ನು ಕೇಳಿದಳಂತೆ, "ನಿಮ್ಮ ಹೋಟೆಲಿನ ಭಟ್ರಿಗೆ ವಾರಕ್ಕೊಂದು ರಜೆ ಉಂಟಲ್ಲ, ನಂಗೆ ಯಾವತ್ತು?" ಅವರು ನಕ್ಕು, ನೀನೇ ಹೇಳು ಎಂದರಂತೆ. ಅವಳು ಹೇಳಿದಳು, ಸೋಮವಾರ. ಸೋಮವಾರ ಒಲೆ ಹಚ್ಚಲಿಲ್ಲ. ಬೆಳಗ್ಗೆ ಮಕ್ಕಳಿಗೂ ಗಂಡನಿಗೂ ಬಾಳೆಹಣ್ಣು, ಅವಲಕ್ಕಿ ಇಟ್ಟು ಕೂತಳು. ರಾತ್ರಿ ಅವರು ತಮ್ಮದೇ ಹೋಟೆಲಿನಿಂದ ಬಾಳೆಲೆಯಲ್ಲಿ ಕಟ್ಟಿಸಿಕೊಂಡ ಪಾರ್ಸೆಲ್ ಹಿಡಿದು ಮೆಟ್ಟಿಲು ಹತ್ತುವುದನ್ನು ನಾನು ನೋಡಿದೆ. ಮೇಲೆ ಸುತ್ತಿದ್ದ ಕಾಗದದಿಂದ ಸಾಂಬಾರು ಸೋರಿ ಬಿಳಿ ಷರ್ಟಿಗೆ ತಾಗಿತ್ತು.

ಮುಂದಿನ ಸೋಮವಾರವೂ ಹಾಗೆಯೇ ಆಯಿತು. ಹೋಟೆಲಿನಲ್ಲಿ ಸಪ್ಲೈಯರುಗಳು, "ಧಣಿ, ಮನೆಯಲ್ಲಿ ಹುಷಾರಿಲ್ವಾ?" ಎಂದು ಮುಖ ಸಪ್ಪಗೆ ಮಾಡಿ ಕೇಳಿ, ಆಮೇಲೆ ಒಳಗೆ ಹೋಗಿ ನಗುತ್ತಿದ್ದರಂತೆ. ಅವಳ ಗಂಡನಿಗೆ ಹಸಿವಿಗಿಂತ ಹೆಚ್ಚು ಚುಚ್ಚಿದ್ದು ಇದೇ.

ರಥಸಪ್ತಮಿಯ ಹಿಂದಿನ ಭಾನುವಾರ ಬೆಳಗ್ಗೆ ಅವರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಪುಸ್ತಕ.

"ನೋಡಿ ಅಮ್ಮ, ನಿಮ್ಮ ಮೇಲೆ ನಮಗೆ ಗೌರವ ಉಂಟು. ಆದರೆ ಇದು ನಮ್ಮ ಮನೆಗೆ ಬೇಡ. ಇದು ರಾಜಕೀಯ."

"ಅಡುಗೆ ಮಾಡೋದ್ರಲ್ಲಿ ರಾಜಕೀಯ ಏನು ಬಂತು?"

"ಮಾಡುವುದರಲ್ಲಿ ಇಲ್ಲ ಮಾರಾಯ್ರೆ, ಮಾಡದೆ ಇರುವುದರಲ್ಲಿ ಉಂಟು!" ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮದೊಂದೇ ಅಲ್ಲ. ಎಲ್ಲ ಮನೆಯಿಂದಲೂ ವಾಪಸ್ ತೆಕ್ಕೊಳ್ಳಿ. ಚೇರ್ಮನ್ ಹತ್ರ ಮಾತಾಡಿ ಆಯ್ತು. ರಥಸಪ್ತಮಿಯ ಒಳಗೆ ಆಗದಿದ್ದರೆ ಸೊಸೈಟಿ ಮೀಟಿಂಗಿನಲ್ಲಿ ವಿಷಯ ಬರ್ತದೆ."

ಪೇಪರ್ ಓದುತ್ತಿದ್ದ ನನ್ನ ಗಂಡ ಎದ್ದು ಬಂದರು. "ಅಯ್ಯೋ, ಅಷ್ಟಕ್ಕೆಲ್ಲಾ ಯಾಕೆ, ತಗೋತಾಳೆ ಬಿಡಿ. ಕೊಡಿ ಇಲ್ಲಿ" ಎಂದು ಕೈ ಚಾಚಿದರು.

ನಾನು ಪುಸ್ತಕವನ್ನು ನೋಡಿದೆ. ಹಾಳೆಗಳ ಅಂಚಿಗೆ ಅರಿಶಿನದ ಬೆರಳ ಗುರುತುಗಳಿದ್ದವು. ಕೊನೆಯ ಕಡೆಯ ಯಾವುದೋ ಪುಟಕ್ಕೆ ಒಂದು ಹೇರ್‌ಪಿನ್ ಸಿಕ್ಕಿಸಿತ್ತು. ಅವಳು ಅಲ್ಲಿಯವರೆಗೆ ಓದಿದ್ದಳು, ಮುಂದಿನದು ಬಾಕಿ ಇತ್ತು. ಓದುತ್ತಿದ್ದವಳ ಕೈಯಿಂದ ಎತ್ತಿಕೊಂಡು ಬಂದಿದ್ದಾರೆ ಎಂದು ಆಗ ಹೊಳೆಯಿತು. ನನ್ನ ಗಂಡನ ಚಾಚಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದೆ.

"ತಗೋತೀನಿ," ಎಂದೆ. "ಆದರೆ ಇದು ವಾಣ. ಅರಿಶಿನ ಕುಂಕುಮದ ಜೊತೆ ಕೊಟ್ಟದ್ದು. ಬರೀ ಪುಸ್ತಕ ವಾಪಸ್ ತಗೊಳ್ಳೋಕೆ ಆಗಲ್ಲ. ನಿಮ್ಮ ಹೆಂಡತಿ ಹಣೆಗೆ ನಾನಿಟ್ಟ ಕುಂಕುಮಾನೂ ತಂದುಕೊಡಿ."

ಕಾನ್ವೆಂಟಿನಲ್ಲಿ ನಮಗೆ ಎಷ್ಟೇ ಕೋಪ ಬಂದರೂ ಮೆತ್ತಗೆ ಮಾತಾಡುವುದನ್ನು ಕಲಿಸಿದ್ದರು. ಮೆತ್ತಗೇ ಹೇಳಿದೆ. ಅವರ ಮುಖದ ಬಣ್ಣ ಹೋಯಿತು. ಗಂಡಸಾದವನು ಹೆಂಡತಿಯ ಹಣೆಯ ಕುಂಕುಮವನ್ನು ಹಿಂದಕ್ಕೆ ಕೊಡುವುದೆಂದರೆ ಏನು ಅರ್ಥ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಏ, ಏನು ಮಾತು ಇದು!" ಎಂದರು ನನ್ನ ಗಂಡ.

ಅಷ್ಟರಲ್ಲಿ ಪ್ಯಾಸೇಜಿನ ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು. ಧಾರವಾಡದ ಗೆಳತಿ ತನ್ನ ಹೊಸ್ತಿಲಲ್ಲಿ ನಿಂತು, "ಭಾಳ ಛಲೋ ಮಾತಾಡಿದ್ರಿ ಅಕ್ಕಾರ. ಆದ್ರ ಇಂಥಾ ನಂಬಿಕಿ ಎಲ್ಲಾ ಬಿಡ್ರಿ ಅಂತ ನೀವು ಕೊಟ್ಟ ಪುಸ್ತಕದಾಗ ಬರದಾರಲ್ರಿ!" ಎಂದಳು. ನಿಜವೇ. ಬರೆದಿತ್ತು. ಇರಲಿ, ಅವರು ಹೆದರುವುದು ಯಾವುದಕ್ಕೋ ಅದನ್ನೇ ಹಿಡಿದೆ, ಅದರಲ್ಲಿ ನನಗೆ ಇವತ್ತಿಗೂ ಸಂಕೋಚವಿಲ್ಲ.

ಸಂಕೋಚಪಟ್ಟವಳು ಎದುರು ಮನೆಯವಳೂ ಅಲ್ಲ. ಎದುರು ಬಾಗಿಲಿನಿಂದ ಹೊರಗೆ ಬಂದಳು. ಎರಡೂ ಕೈಗೆ ಉದ್ದಿನ ಹಿಟ್ಟು ಮೆತ್ತಿತ್ತು, ತಾಗಬಾರದೆಂದು ಮುಂದಕ್ಕೆ ಚಾಚಿಕೊಂಡಿದ್ದಳು.

"ಕುಂಕುಮದ ಮಾತು ಬೇಡ ಅಕ್ಕ," ಎಂದಳು. "ಅದನ್ನು ಹೇಳಿದರೆ ಇವರು ಹೆದರಿ ಪುಸ್ತಕ ಬಿಡ್ತಾರೆ. ಹೆದರಿ ಬಿಟ್ಟದ್ದು ನಂಗೆ ಬೇಡ." ಆಮೇಲೆ ಗಂಡನ ಕಡೆ ತಿರುಗಿದಳು. "ಪುಸ್ತಕ ನಂದು. ನಂಗೆ ಕೊಟ್ಟದ್ದು. ನಾನು ಕೊಡುವುದಿಲ್ಲ. ಅಷ್ಟೇ."

"ಒಳಗೆ ನಡಿ ನೀನು."

"ಹೋಗ್ತೇನೆ. ಅದನ್ನು ಇಲ್ಲಿ ಇಡಿ." ಹಿಟ್ಟಿನ ಕೈ ಮೇಲೆತ್ತಿ ಮೊಣಕೈಯನ್ನು ಸೊಂಟದಿಂದ ಸ್ವಲ್ಪ ದೂರ ಹಿಡಿದು ಜಾಗ ತೋರಿಸಿದಳು. ಅವರು ಒಂದು ಸಲ ನನ್ನನ್ನು, ಒಂದು ಸಲ ತೆರೆದ ಬಾಗಿಲುಗಳನ್ನು ನೋಡಿದರು. ಪುಸ್ತಕವನ್ನು ಅವಳ ಕಂಕುಳಿಗೆ ಸಿಕ್ಕಿಸಿದರು. ಅವಳು ಅದನ್ನು ಬಿಗಿಯಾಗಿ ಅವುಚಿಕೊಂಡು ಒಳಗೆ ಹೋದಳು.

ಮೀಟಿಂಗಿನಲ್ಲಿ ವಿಷಯ ಬಂದೇ ಬಂತು. ಆ ಮೀಟಿಂಗುಗಳಿಗೆ ಹೆಂಗಸರು ಹೋಗುವ ರೂಢಿ ಇರಲಿಲ್ಲ, ನಾನು ಹೋದೆ. ಧಾರವಾಡದವಳೂ ಬಂದು ಪಕ್ಕದಲ್ಲಿ ಕೂತಳು. ಹೌಸಿಂಗ್ ಸೊಸೈಟಿಯಲ್ಲಿ ಪಾಲಿಟಿಕ್ಸ್ ತರಬಾರದು ಎಂದು ಚೇರ್ಮನ್ನರು ಹಿಂದಿಯಲ್ಲಿ ದೊಡ್ಡ ಉಪದೇಶ ಮಾಡಿದರು. ಅದಕ್ಕೆ ಮುಂಚೆ ಅದೇ ಜಾಗದಲ್ಲಿ ಯಾವ ವಿಂಗಿಗೆ ಮೊದಲು ನೀರು ಬಿಡಬೇಕು ಎಂದು ಕುರ್ಚಿ ಎತ್ತುವಷ್ಟು ಕೂಗಾಡಿದ್ದರು. ಅದು ಪಾಲಿಟಿಕ್ಸ್ ಅಲ್ಲವಾ ಎಂದು ಕೇಳಿದೆ. ನೀರಿನ ವಿಷಯ ಬೇರೆ ಎಂದರು. ಆ ನೀರನ್ನು ತುಂಬಿಡುವವರು ಯಾರು ಎಂದು ಕೇಳಿದೆ. ಚೇರ್ಮನ್ನರು ಮುಂದಿನ ವಿಷಯದ ಹಾಳೆ ತಿರುವಿದರು. ಕೊಟ್ಟದ್ದು ಕೊಟ್ಟೆ, ಯಾರ ಮನೆಯಿಂದಲೂ ವಾಪಸ್ ಕೇಳುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಕೆಲವರು ಆಮೇಲೆ ನನ್ನನ್ನು ಕರೆಯುವುದು ಬಿಟ್ಟರು. ನನ್ನ ಗಂಡ ಕೆಲವು ದಿನ ಉಪ್ಪು ಬೇಕಾದರೂ ಸನ್ನೆಯಲ್ಲಿ ಕೇಳಿದರು. ಒಂದು ಪುಸ್ತಕ ಮಾತ್ರ ಯಾರೋ ಬಾಗಿಲ ಸಂದಿಯಿಂದ ತಳ್ಳಿ ಹೋಗಿದ್ದರು, ಶಾಲೆಯ ಬಾಗಿಲಿನ ಕಥೆ ಇದ್ದದ್ದು. ಅದನ್ನು ಎದುರು ಮನೆಯವಳು ತಾನೇ ಕೇಳಿ ತೆಗೆದುಕೊಂಡಳು.

ಅದರ ಮುಂದಿನ ಸೋಮವಾರ ಬೆಳಗ್ಗೆ ಅವಳು ತನ್ನ ಮನೆಯ ಹೊಸ್ತಿಲಲ್ಲೇ, ಬೆಳಕಿದ್ದ ಕಡೆ, ಬಾಗಿಲ ಚೌಕಟ್ಟಿಗೆ ಒರಗಿ ಕಾಲು ಚಾಚಿ ಅದನ್ನು ಓದುತ್ತ ಕೂತಿದ್ದಳು. ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಟವರು, ಅವಳ ಕಾಲನ್ನು ದಾಟಬೇಕೋ ಬೇಡವೋ ತಿಳಿಯದೆ ನಿಂತರು. ಅವಳು ಕಾಲು ಮಡಚಿ ದಾರಿ ಬಿಟ್ಟಳು. ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ರಾತ್ರಿಗೆ ಎಂತ?" ಎಂದು ಕೇಳಿದರು.

"ಇವತ್ತು ಸೋಮವಾರ," ಎಂದು ಪುಟ ತಿರುಗಿಸಿದಳು.