ಕೊಂಡಿ ಕಾಣುವ ಪುಟ

ಆಯಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಬೂದಿ ಬಣ್ಣಕ್ಕಿರುತ್ತಿದ್ದವು. ಸೀರೆಯ ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಕೊಂಡಿ ಹಾಕಿ ಸೇರಿಸುವಾಗ, ಜಾರದಿರಲೆಂದು ಬೂದಿ ಹಚ್ಚಿಕೊಳ್ಳುತ್ತಿದ್ದರು. ನನ್ನ ಲ್ಯಾಪ್‌ಟಾಪಿನ ಪರದೆಯಿಂದ ಆ ಎರಡು ಬೆರಳಿನ ಗುರುತನ್ನು ವಾರಕ್ಕೊಮ್ಮೆ ಒರೆಸುತ್ತಿದ್ದೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಅವರದು ಎರಡನೆಯ ಮನೆ; ಓಣಿಗೆಲ್ಲ ಅವರು ಆಯಿ. ಅವರೂ ಇನ್ನು ನಾಲ್ವರು ಹೆಂಗಸರೂ ಸೇರಿ ತಯಾರಿಸಿದ ಸೀರೆಗಳಿಗೆ ನಾನೊಂದು ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟಿದ್ದೆ. ಸಿದ್ಧವಾಗಿ ಸಿಗುವ ಸಾಫ್ಟ್‌ವೇರ್, ಅದರದೇ ಟೆಂಪ್ಲೇಟು. ಯಾವ ಫೋಟೊ ಕೊಟ್ಟರೂ ಚೌಕವಾಗಿ ಕತ್ತರಿಸಿ ನಡುಭಾಗವನ್ನಷ್ಟೇ ತೋರಿಸುತ್ತಿತ್ತು. ಇಳಕಲ್ ಸೀರೆಯ ಗುರುತೇ ಆದ ಕೊಂಡಿಯ ಸಾಲು ಅಂಚಿನಲ್ಲಿ ಅರೆಬರೆ ಕಾಣುತ್ತಿತ್ತು. ಮೊದಲ ಎರಡು ತಿಂಗಳಲ್ಲಿ ಹೋದ ಸೀರೆ ಹತ್ತೊಂಬತ್ತು, ಮರಳಿದ್ದು ಏಳು. ಆರಕ್ಕೆ ಒಂದೇ ದೂರು: ಹರಿದ ಸೀರೆಗೆ ಬೇರೆ ಸೆರಗು ಜೋಡಿಸಿದ್ದಾರೆ.

ಇನ್ನೊಂದು ತಿಂಗಳು ಹೀಗೇ ಆದರೆ ಆನ್‌ಲೈನ್ ಮಾರಾಟ ಬಿಡುವುದೆಂದು ಹೆಂಗಸರು ತೀರ್ಮಾನಿಸಿದರು. ನಾನು ಕೊಂಡಿ ಕಾಣಲೇಬಾರದೆಂದು ಫೋಟೊಗಳನ್ನು ಮತ್ತಷ್ಟು ಕತ್ತರಿಸಿದೆ. ಮರುವಾರ ಇನ್ನೆರಡು ವಾಪಸ್ ಬಂದವು.

ಆಯಿ ಬಂದು ಪರದೆಯ ಮೇಲೆ ಬೆರಳಿಟ್ಟರು. "ಕೊಂಡಿ ಎಲ್ಲಿ ಹೋತು?"

ತೋರಿಸಿದರೆ ಜನ ಕೊಳ್ಳುವುದಿಲ್ಲ ಎಂದೆ.

"ಮುಚ್ಚಿಟ್ಟೀ ಅಂತನ ಹರದೈತಿ ಅಂತಾರ. ಕಂಪ್ಯೂಟರ್ ಕಲತಾಕಿ, ಒಂದ್ ಸೀರಿ ಬಿಚ್ಚಿ ತೋರ್ಸಾಕ ಬರೂದಿಲ್ಲ ನಿನಗ. ಮದ್ಲ ಕೊಂಡಿ ತೋರ್ಸು. ಆಮ್ಯಾಲ ಜಗ್ಗಿ ನೋಡ್ರಿ ಅನ್ನು."

"ಫೋನಿನ್ಯಾಗ ಹೆಂಗ ಜಗ್ಗತಾರ ಆಯಿ?"

"ಮನಿಗೆ ಬಂದ ಮ್ಯಾಲ ಜಗ್ಗಲಿ."

ಅವರ ಮನೆಗೆ ಗಿರಾಕಿ ಬಂದರೆ ಮಡಿಕೆ ಬಿಚ್ಚುತ್ತಿದ್ದುದೇ ಕೊಂಡಿಯ ಹತ್ತಿರ. ಆಚೆ ಈಚೆ ಹಿಡಿದು ಜಗ್ಗಲು ಹೇಳುತ್ತಿದ್ದರು. ಬಣ್ಣ, ದಡಿಯ ಮಾತು ಆಮೇಲೆ.

ಟೆಂಪ್ಲೇಟಿನ ಫೈಲು ತೆರೆದು ಹನ್ನೊಂದು ಸಲ ತಿದ್ದಿದೆ. ಮೊದಲ ಚಿತ್ರ ಕೊಂಡಿಯದೇ, ಪರದೆಯ ಅಗಲಕ್ಕೆ. ಅದನ್ನು ಹಿಡಿದ ಆಯಿಯ ಬೆರಳು, ಕೆಳಗೆ ಅವರ ಮಾತು: ಜಗ್ಗಿ ನೋಡ್ರಿ. ಕೈ ತೊಳೆದುಕೊಂಡು ಇನ್ನೊಂದು ಫೋಟೊ ತೆಗೆಯೋಣ ಎಂದದ್ದಕ್ಕೆ, "ಇರ್ಲಿ ಬಿಡು, ಕೆಲಸದ ಕೈ ಐತಿ" ಎಂದರು. ಮುಂದಿನ ತಿಂಗಳು ಹೋದದ್ದು ಹದಿನಾಲ್ಕು, ಮರಳಿದ್ದು ಒಂದು, ಅದೂ ಬಣ್ಣ ಹಿಡಿಸಲಿಲ್ಲವೆಂದು. ಅಂಗಡಿ ಉಳಿಯಿತು.

ಹೋದ ಶ್ರಾವಣದಲ್ಲಿ ಆಯಿ ತೀರಿಕೊಂಡರು. ಹದಿನಾರನೆಯ ದಿನ ಸಾಫ್ಟ್‌ವೇರ್ ತಾನಾಗಿ ಅಪ್‌ಡೇಟ್ ಆಗಿ, ನಾನು ತಿದ್ದಿದ್ದೆಲ್ಲ ಅಳಿಸಿಹೋಯಿತು. ಅಪ್‌ಡೇಟ್ ಆದಾಗ ಮೂಲ ಫೈಲು ಹೊಸದಾಗಿಬಿಡುತ್ತದೆ; ಅದನ್ನೇ ತಿದ್ದಿದ್ದು ನನ್ನ ತಪ್ಪು. ಅಳಿಸಿಹೋದದ್ದು ತಿಳಿದದ್ದು ಒಂದು ಸೀರೆ ಅದೇ ಹಳೆಯ ದೂರಿನೊಂದಿಗೆ ಮರಳಿದಾಗ.

ಈ ಸಲ ಮೂಲವನ್ನು ಮುಟ್ಟಲಿಲ್ಲ. ಬೇರೆ ಫೈಲು ಬರೆದು ಅದಕ್ಕೆ ಸೇರಿಸಿದೆ, ಆಯಿ ಒಡಲಿಗೆ ಸೆರಗು ಸೇರಿಸುತ್ತಿದ್ದ ಹಾಗೆ. ಆಮೇಲೆ ಆರು ಅಪ್‌ಡೇಟ್ ಬಂದಿವೆ. ಪ್ರತಿ ಸಲ ಮೊದಲು ಕೊಂಡಿಯ ಆ ಪುಟವನ್ನೇ ತೆರೆಯುತ್ತೇನೆ. ಬೂದಿ ಬೆರಳು ಅಲ್ಲೇ ಇರುತ್ತದೆ. ಡೈರಿಯಲ್ಲಿ ತಾರೀಖು ಹಾಕಿ ಬರೆಯುತ್ತೇನೆ: ಜಗ್ಗಿ ನೋಡಿದೆ, ಗಟ್ಟಿ ಇದೆ.